ಗಜಣ್ಣ ಅದಾನೇನ್ರಿ?

ಯಂತ್ರ ಗುಂಯ್‌ಗುಟ್ಟಿತು. ಗೋಡೆಯಗಲದ ಪರದೆಯ ಮೇಲೆ ಮೊದಲು ಮಸುಕಾಗಿ ಒಂದು ಕೋಟೆ ಮೂಡಿತು, ಆಮೇಲೆ ಅದರ ಬಾಗಿಲು, ಬಾಗಿಲ ಬಳಿಯ ಮುರುಕು ಬಂಡಿ. ತನುಶ್ರೀ ಹೂಗಾರ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

“ಅಯ್ಯ ನಮ್ಮವ್ವ! ಆ ಬಂಡಿ ಹಿಂದ ಅಡಗಿ ಕುಂತು ಎಷ್ಟ್ ಮಂದಿನ್ನ ಹೊಡದೇನಿ!”

ಅರವತ್ತು ದಾಟಿದ, ಗದಗದಲ್ಲಿ ನರ್ಸಾಗಿದ್ದು ನಿವೃತ್ತರಾದ ಅಜ್ಜಿ ಹೀಗೆ ಅಂದರೆ ಯಾರೂ ಬೆಚ್ಚುವ ಕಾಲವಲ್ಲ ಅದು. ಆಗಿನ ಅಜ್ಜಿಯರ ಹೆಸರುಗಳೇ ತನುಶ್ರೀ, ಐಶ್ವರ್ಯ ಎಂದಿದ್ದವು. ಮೊಮ್ಮಕ್ಕಳಿಗೆ ಅವರು ಹೇಳುತ್ತಿದ್ದದ್ದೂ ಫೋನಿನೊಳಗಿನ ಕದನಗಳ ಕತೆಯನ್ನೇ.

ಯಂತ್ರವನ್ನು ಕಟ್ಟಿದ ಡಾ. ಆಮಿನಾ ನದಾಫ್ ನಕ್ಕರು. ಧಾರವಾಡದ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಯಂತ್ರದ ಹೆಸರು ‘ಮರುಗೂಡು’. ಗಣಕದಲ್ಲಿ ಬರೆದದ್ದನ್ನು ಅಳಿಸಿದರೂ ಅದರ ನೆನಪಿನ ಕೋಶಗಳಲ್ಲಿ ವಿದ್ಯುತ್ತಿನ ಅತಿ ಸಣ್ಣ ಶೇಷ ಉಳಿದಿರುತ್ತದೆ, ಒರೆಸಿದ ಪಾಟಿಯ ಮೇಲೆ ಬಳಪದ ಗುರುತು ಉಳಿಯುವ ಹಾಗೆ. ಆಟವನ್ನು ಸಾವಿರಾರು ಫೋನುಗಳಿಗೆ ಹಂಚುತ್ತಿದ್ದ ದೊಡ್ಡ ಗಣಕಗಳೆಂದರೆ ಸರ್ವರ್‌ಗಳು. ಗುಜರಿಗೆ ಬಿದ್ದ ಅಂಥ ಸರ್ವರ್‌ಗಳಿಂದ ಆ ಶೇಷವನ್ನು ಓದಿ, ಎಂದೋ ಮುಚ್ಚಿಹೋದ ಆಟವನ್ನು ಮರುಗೂಡು ಮತ್ತೆ ಕಟ್ಟುತ್ತಿತ್ತು. ಆಮಿನಾ ಅದನ್ನು ಮಾಡಿದ್ದು ಕಳೆದುಹೋದ ಆಸ್ಪತ್ರೆ ದಾಖಲೆಗಳಿಗೆಂದು. ಬಂದವರೆಲ್ಲ ಮಾತ್ರ ಹಳೆಯ ಗೆಳೆಯರನ್ನು ಹುಡುಕುವವರೇ.

ತನುಶ್ರೀಯವರದೂ ಅದೇ ಕತೆ. ‘ಕೋಟೆ ಕದನ’ ಜೋಡಿ ಆಟ. ಅದರಲ್ಲಿ ಅವರು ‘ಗಿರ್ಮಿಟ್ ಗಜ’. ಹುಡುಗಿ ಎಂದು ಗೊತ್ತಾದರೆ ಹೊಲಸು ಮಾತುಗಳು ಬೀಳುತ್ತವೆಂದು ಗಂಡು ಹೆಸರು. ಮೈಕು ಬಂದ್, ಊರಿಗೆಲ್ಲ ಕಾಣುವ ಸಾಮಾನ್ಯ ಚಾಟೂ ಬಂದ್. ಜೋಡಿಯಾಗಿ ಆಡುತ್ತಿದ್ದವನು ‘ಬುಲೆಟ್ ಬಸು’. ಊರು ಗೊತ್ತಿಲ್ಲ, ಮುಖ ಗೊತ್ತಿಲ್ಲ. “ಗಜಣ್ಣ, ನೀ ಹಿಂದ ನಿಂದ್ರು, ನಾ ನೋಡ್ಕೋತೀನಿ” ಎಂದು ಇಬ್ಬರಿಗಷ್ಟೇ ಕಾಣುವ ಚಾಟಿನಲ್ಲಿ ಬರೆಯುತ್ತಿದ್ದ, ಬರೆದು ತಾನೇ ಮೊದಲು ಸಾಯುತ್ತಿದ್ದ.

ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಇಬ್ಬರೂ ಆಣೆ ಹಾಕಿಕೊಂಡರು: ಕೊನೆಯ ಪೇಪರ್ ಮುಗಿಯುವವರೆಗೆ ಒಬ್ಬರನ್ನೊಬ್ಬರು ಬ್ಲಾಕ್ ಮಾಡಬೇಕು. ಬ್ಲಾಕ್ ಮಾಡಿದರೆ ಗೆಳೆಯರ ಪಟ್ಟಿಯಿಂದಲೂ ಹೆಸರು ಹೋಗುತ್ತಿತ್ತು. ಬ್ಲಾಕ್ ತೆಗೆದ ಮೇಲೆ ಯಾರಾದರೊಬ್ಬರು ಹೊಸದಾಗಿ ರಿಕ್ವೆಸ್ಟ್ ಕಳಿಸಬೇಕು. ಅಂದು ತನುಶ್ರೀ ಕೊನೆಯದಾಗಿ ಬರೆದರು: “ಬಸು, ನಾ ಅಣ್ಣ ಅಲ್ಲ. ಹುಡುಗಿ.” ಉತ್ತರಕ್ಕೂ ನಿಲ್ಲದೆ ಬ್ಲಾಕ್ ಒತ್ತಿಬಿಟ್ಟರು.

ಪರೀಕ್ಷೆ ಮುಗಿಯಿತು, ಬ್ಲಾಕ್ ತೆಗೆದರು. ರಿಕ್ವೆಸ್ಟ್ ಬರಲಿಲ್ಲ. ಬೇಸಿಗೆಯಿಡೀ ಕಾದು ಆಟವನ್ನೇ ಬಿಟ್ಟರು.

“ಹುಡುಗಿ ಅಂತ ತಿಳಿದಕೂಡ್ಲೇ ಬಿಟ್ಟುಹೋದ ಅಂದ್ಕೊಂಡೆ ನೋಡ್ರಿ ಡಾಕ್ಟರ. ಇವತ್ತಿಗೂ ಚುಚ್ಚತೈತಿ. ಖರೇನ ಹಂಗ ಏನು, ಅಷ್ಟ ತಿಳೀಬೇಕು ನನಗ.”

“ನೀವ ಒಂದು ರಿಕ್ವೆಸ್ಟ್ ಕಳಸಬೇಕಿಲ್ರೀ ಅಕ್ಕಾರ?”

“ಹುಡುಗಿ ಆಗಿ ನಾನ ಮುಂದಾಗಿ ಕಳಸ್ಲಾ? ಏನ್ ತಿಳ್ಕೋತಿದ್ದ ಅವ!”

ಆಮಿನಾ ಸಾಮಾನ್ಯ ಚಾಟನ್ನು ತೆರೆದರು. ತನುಶ್ರೀ ಎಂದೂ ನೋಡದ ಚಾಟ್ ಅದು. ಬೈಗುಳಗಳ ಸಂತೆಯ ನಡುವೆ, ಪರೀಕ್ಷೆ ಮುಗಿದ ಸಂಜೆಯದೊಂದು ಸಾಲು ಮೂಡಿತು.

“ಗಜಣ್ಣ ಅದಾನೇನ್ರಿ ಇಲ್ಲಿ?”

ಬರೆದವನು ಬುಲೆಟ್ ಬಸು. ಮರುದಿನವೂ ಅದೇ ಸಾಲು. ಅದರ ಮರುದಿನವೂ. ಬೇಸಿಗೆಯ ಕೊನೆಗೆ ಯಾರೋ ಬೇಸತ್ತು, “ನೀನ ರಿಕ್ವೆಸ್ಟ್ ಕಳಸಲೇ” ಎಂದು ಬೈದಿದ್ದರು. ಬಸು ಬರೆದಿದ್ದ: “ನಾ ಮುಂದಾಗಿ ಕಳಸಿದ್ರ ಚೊಲೋ ಕಾಣಂಗಿಲ್ಲ ದೋಸ್ತ. ಅವ್ರ ಕಳಸ್ಲಿ. ಕಾಯ್ತೀನಿ.”

ತನುಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುವೂ ಬರುತ್ತಿತ್ತು. “ನಾ ಹುಡುಗಿ ಅಂತ ಯಾರ ಮುಂದನೂ ಬಾಯಿ ಬಿಟ್ಟಿಲ್ಲ ನೋಡ್ರಿ. ಮಂದಿ ಎದುರು ಇನ್ನೂ ಅಣ್ಣನ ಅಂತಾನ. ಎಂಥಾ ಹುಡುಗನ್ನ ಏನು ಅಂದ್ಕೊಂಡು ಕುಂತಿದ್ದೆ ನಾ!”

“ಅವ್ರ ಹಳೇ ಮಾತೆಲ್ಲ ಇದರಾಗ ಅದಾವ್ರಿ,” ಎಂದರು ಆಮಿನಾ. “ಥೇಟ್ ಅವ್ರ ಹಂಗ ಯಂತ್ರ ಉತ್ತರ ಕೊಡತೈತಿ. ಮಾತಾಡ್ತೀರೇನು?”

“ಬ್ಯಾಡ್ರಿ. ಕಾಯ್ದಾಂವ ಬಸು. ಈ ಯಂತ್ರ ಅಲ್ಲ.”

ಆದರೂ ಅವರು ಎದ್ದು ಹೋಗಿ, ಬಸುವಿನ ಹೆಸರಿನ ಪಕ್ಕದ ರಿಕ್ವೆಸ್ಟ್ ಗುಂಡಿಯನ್ನು ಒತ್ತಿದರು. ಪರದೆಯಲ್ಲಿ ಸಣ್ಣ ಚಕ್ರವೊಂದು ತಿರುಗತೊಡಗಿತು. ಅದು ತಿರುಗುತ್ತಲೇ ಇತ್ತು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದರು: “ಈಗಿನ ಹುಡುಗರ ಆಟದಾಗೂ ಈ ಗುಂಡಿ ಐತೇನ್ರಿ?”

“ಎಲ್ಲಾರ ಫೋನಿನಾಗೂ ಐತ್ರಿ.” ಆಮಿನಾ ಮೇಜಿನ ಮೇಲಿದ್ದ ತಮ್ಮ ಫೋನಿನತ್ತ ನೋಡಿದರು. “ನನ್ನ ಹಾಸ್ಟೆಲ್ ಗೆಳತಿ ಒಬ್ಬಾಕಿನ್ನ ಸಿಟ್ಟಿನಾಗ ಬ್ಲಾಕ್ ಮಾಡಿದ್ದೆ. ತಗದೂ ಭಾಳ ದಿನ ಆತು. ಆಕೀನ ಮೊದಲು ಮಾತಾಡ್ಲಿ ಅಂತ...”

“ಆಕಿ ಅದಾಳಿಲ್ಲೋ?”

“ಅದಾಳ್ರಿ. ಇಲ್ಲೇ, ಹುಬ್ಬಳ್ಯಾಗ.”

“ಹುಬ್ಬಳ್ಯಾಗ!” ತನುಶ್ರೀ ಹಣೆ ಬಡಿದುಕೊಂಡರು. “ಅಲ್ಲ ನಮ್ಮವ್ವ, ನನಗ ಇಷ್ಟ್ ದೊಡ್ಡ ಯಂತ್ರ ಬೇಕಾತು. ನಿನಗ ಒಂದು ಬೆರಳು ಸಾಕಲ್ಲ!”

ಅವರು ಹೋದ ಮೇಲೆ ಆಮಿನಾ ಮರುಗೂಡಿನ ಸ್ವಿಚ್ ಆರಿಸಿದರು. ಗುಂಯ್ ಸದ್ದು ನಿಂತು ಕೋಣೆ ಸುಮ್ಮನಾಯಿತು. ಅವರು ಮೇಜಿನ ಮೇಲಿದ್ದ ತಮ್ಮ ಫೋನನ್ನು ಕೈಗೆತ್ತಿಕೊಂಡರು.