ಒಂದು ಗೇಣಿನ ಆಚೆ ಚಂದ್ರ

ಅಜಿತ್ ಮಾಸ್ತರರ ಟ್ರಾನ್ಸ್‌ಫರ್ ಸುದ್ದಿ ರೇಣುಗೆ ತಿಳಿದದ್ದು ಶಾಲೆಯ ಸಿಪಾಯಿ ಅರ್ಜುನನ ಬಾಯಿಂದ. ಅದೇ ಹೆಚ್ಚು ಚುಚ್ಚಿತು. ನಾಲ್ಕು ವರ್ಷ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಚಹಾ ಕುಡಿದ ಮನುಷ್ಯ, ಸುರೇಬಾನಕ್ಕೆ ಹೊರಟೆ ಅಂತ ಒಂದು ಮಾತು ಹೇಳಬಾರದೇ?

ರೇಣು ಮುರಗೋಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ವಯಸ್ಸು ಮೂವತ್ತೇಳು. ಅವ್ವ ಕಾಡವ್ವ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಒಬ್ಬಳೇ. ಸಂಜೆ ಟಿವಿ ಹಚ್ಚುತ್ತಿದ್ದಳು, ನೋಡುವುದಕ್ಕಲ್ಲ. ಮನೆಯಲ್ಲಿ ಯಾರದಾದರೂ ದನಿ ಇರಲಿ ಎಂದು.

ಆ ದಿನ ಮಕ್ಕಳೊಂದಿಗೆ ಮೈದಾನದಲ್ಲಿ ಸೌರಮಂಡಲ ಮಾಡುವುದಿತ್ತು. ಒಂದು ಮೀಟರ್ ಅಗಲದ ಹಳದಿ ರಟ್ಟು ಸೂರ್ಯ. ಆ ಅಳತೆಗೆ ಭೂಮಿ ಒಂದು ಕಡಲೆಕಾಳು, ಸೂರ್ಯನಿಂದ ನೂರಾ ಏಳು ಮೀಟರ್ ದೂರ. ಚಂದ್ರ ಒಂದು ಸಜ್ಜೆಕಾಳು, ಭೂಮಿಯಿಂದ ಬರೀ ಒಂದು ಗೇಣು ಎರಡು ಬೆರಳು. ಪಿ.ಟಿ. ಮಾಸ್ತರ ಶಟ್ಟೆಪ್ಪ ನೆಪ್ಚೂನ್ ಆಗಿ ಬೈಕಿನ ಮೇಲೆ ಮೂರು ಕಿಲೋಮೀಟರ್ ಆಚೆ ಹೋಗಿದ್ದ.

ಚಂದ್ರ ಆಗಬೇಕಿದ್ದ ರಾಣಿಗೆ ಜ್ವರ.

"ಅಜಿತ್ ಸರ್, ನೀವ ಚಂದ್ರ ಆಗ್ರಿ!" ಮಕ್ಕಳು ಕೂಗಿದರು.

ಅವನು ಬಂದು ನಿಂತ. ಕಡಲೆ ಹಿಡಿದ ಅವಳ ಅಂಗೈ, ಸಜ್ಜೆ ಹಿಡಿದ ಅವನ ಅಂಗೈ, ನಡುವೆ ಒಂದು ಗೇಣು. ಅವನ ತೋಳಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು. ಒರೆಸಬೇಕೆನಿಸಿತು ಅವಳಿಗೆ.

"ಸುರೇಬಾನ ಚೊಲೊ ಊರಂತ," ಅಂದಳು, ರಟ್ಟಿನ ಸೂರ್ಯನನ್ನೇ ನೋಡುತ್ತ.

"ಅರ್ಜುನ ಹೇಳಿದನೇನ್ರಿ?"

"ಮತ್ತ ಯಾರ ಹೇಳಬೇಕಿತ್ತು?"

ಅವನು ದನಿ ತಗ್ಗಿಸಿದ. "ನಾನ ಅರ್ಜಿ ಹಾಕಿದ್ದೆ."

"ಯಾಕ್ರಿ?"

"ಹೋದ ವರ್ಷ ನಾ ಲಗ್ನದ ಮಾತ ಕೇಳಿದಾಗ, ಒಬ್ಬಾಕಿನ ಆರಾಮ ಅದೇನಿ ಅಂದ್ರಿ. ಮರುದಿನ ಮತ್ತ ಎದುರಿಗೆ ಕುಂತು ಚಹಾ ಕುಡದೆ. ಇಷ್ಟು ಹತ್ರ ಇದ್ದು ಏನೂ ಆಗದ ಇರೂದು ಇನ್ನ ನನ್ನ ಕಡಿಂದ ಆಗಂಗಿಲ್ರಿ."

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು, ಸ್ಪೀಕರ್ ಹಚ್ಚಿದಳು. "ಇಲ್ಲಿಂದ ಸೂರ್ಯ ಕಾಣವಲ್ಲ, ಮೇಡಂ! ನಮ್ಮ ಸಾಲಿ ಕಟ್ಟಡಾನೂ ಕಾಣವಲ್ಲದು!" ಶಟ್ಟೆಪ್ಪನ ದನಿಗೆ ಮಕ್ಕಳೆಲ್ಲ ನಕ್ಕರು.

ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. "ಟೀಚರ್, ಚಂದ್ರ ನಮ್ಮನ್ನ ಬಿಟ್ಟು ದೂರ ಹೊಂಟಾನಂತ. ಖರೇನ್ರಿ?"

"ಖರೆ. ವರ್ಷಕ್ಕ ಎರಡು ಬೆರಳಿನಷ್ಟು."

"ಮತ್ತ ಭೂಮಿ ಹಿಡ್ಕೊಳ್ಳಾಂಗಿಲ್ಲೇನ್ರಿ?"

ಮತ್ತೆ ನಗು. ರೇಣುಗೆ ಮಾತ್ರ ನಗು ಬರಲಿಲ್ಲ. ಗದ್ದಲದ ಮರೆಯಲ್ಲಿ ಅವನಿಗಷ್ಟೇ ಕೇಳುವಂತೆ ಅಂದಳು: "ಆಗ ಸುಳ್ಳ ಹೇಳಿದ್ದೆ. ಅವ್ವ ಹೋಗಿ ಆರ ತಿಂಗಳಾಗಿತ್ತು. ಇನ್ನೊಬ್ರು ಬಂದು, ಅವರೂ ಹೋದ್ರ ತಡಕೊಳ್ಳಾಕ ಆಗೂದಿಲ್ಲ ಅಂತ ಅಂಜಿದ್ದೆ."

ಅವನು ಪೂರ್ತಿ ಅವಳ ಕಡೆ ತಿರುಗಿದ. ಸಜ್ಜೆಕಾಳು ಜಾರಿತು.

"ಸರ್, ಚಂದ್ರ ಬಿತ್ತು!"

ಇಬ್ಬರೂ ಬಗ್ಗಿ ಮಣ್ಣಲ್ಲಿ ತಡಕಾಡಿದರು. ಸಿಗಲಿಲ್ಲ.

"ಆರ್ಡರ್ ಇನ್ನ ವಾಪಸ್ ಆಗಂಗಿಲ್ರಿ," ಅಂದ, ತಲೆ ಎತ್ತದೆ.

"ಬಸ್ಸು ಇರತಾವಲ್ರಿ. ಭಾನುವಾರ ಬರತೇನಿ," ಅಂದಳು ರೇಣು.

ಸೋಮವಾರದಿಂದ ಅವನ ಕುರ್ಚಿ ಖಾಲಿ. ರೇಣು ಚಹಾದ ಲೋಟ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಅವನ ಫೋನು ಬರಲಿಲ್ಲ, ಇವಳೂ ಮಾಡಲಿಲ್ಲ. ಎರಡು ಭಾನುವಾರ ಸೀರೆ ಉಟ್ಟು, ಬಾಗಿಲ ತನಕ ಹೋಗಿ, ಮತ್ತೆ ಒಳಗೆ ಬಂದು ಕೂತಳು. ಮೂರನೆಯ ಭಾನುವಾರ ಬಾಗಿಲಿಗೆ ಕೀಲಿ ಹಾಕಿದಳು.

ರಾಮದುರ್ಗದಲ್ಲಿ ಬಸ್ಸು ಬದಲಿಸಿ ಸುರೇಬಾನದಲ್ಲಿ ಇಳಿದಾಗ ಮಧ್ಯಾಹ್ನ ಒಂದೂವರೆ. ಬೇವಿನ ಗಿಡದ ನೆರಳು ಅತ್ತ ಸರಿದಿತ್ತು. ಅಜಿತ್ ಮಾತ್ರ ಬಿಸಿಲಲ್ಲೇ ನಿಂತಿದ್ದ, ಅಂಗಿ ಬೆವರಿನಿಂದ ತೊಯ್ದಿತ್ತು.

"ನಾ ಇವತ್ತ ಬರತೇನಂತ ಯಾರ ಹೇಳಿದ್ರು?"

"ಯಾರೂ ಇಲ್ರಿ. ಮೂರು ಭಾನುವಾರಾತು, ಮೊದಲ್ನೇ ಬಸ್ಸಿನ ಹೊತ್ತಿನಿಂದ ಇಲ್ಲೇ ನಿಂದ್ರತೇನಿ."

"ಹುಚ್ಚರ ಗತೆ! ಒಂದು ಫೋನ್ ಮಾಡಿ ಕೇಳಬಾರದಿತ್ತೇನ್ರಿ?"

ಅವನು ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ. "ಬರಂಗಿಲ್ಲ ಅಂದಿದ್ರ?"

ಚಹಾದಂಗಡಿಯ ಮಂದಿಯೆಲ್ಲ ಹೊಸ ಮಾಸ್ತರನನ್ನೇ ನೋಡುತ್ತಿದ್ದರು. ನೋಡಲಿ ಬಿಡು ಅಂದುಕೊಂಡು ರೇಣು ಅವನ ಕೈ ಹಿಡಿದಳು.