ಹೊಗೆ ಕಾಣದ ಮಣೂಕ

“ಈ ಲೇಖನ ಬರದವರು ಮುಖ್ಯವಾದ ಮಾತೊಂದನ್ನ ಮುಚ್ಚಿಟ್ಟಾರ.”

ಅಮೋಲ ತನ್ನ ಅಭಿಪ್ರಾಯದ ಹಾಳೆಯಿಂದ ಇಷ್ಟು ಓದಿ ತಲೆ ಎತ್ತಿದ. ಚಿಕ್ಕೋಡಿಯ ಕಾಲೇಜಿನ ಆ ಕೋಣೆಯಲ್ಲಿ ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರೆಲ್ಲ ಕೇಳುತ್ತ ಕುಳಿತಿದ್ದರು. ಕಿಟಕಿಯ ಪಕ್ಕ ಕುಳಿತಿದ್ದ ಬ್ರಾಹ್ಮಿಯ ಕಿವಿ ಮಾತ್ರ ಬಿಸಿಯಾದವು.

ಅದು ಅವಳ ಲೇಖನ.

ಅವಳ ಗೈಡ್ ವಿರುಪಾಕ್ಷಪ್ಪ ಸರ್ ಆ ವಾರ ಹೊಸ ಪಾಠ ಶುರುಮಾಡಿದ್ದರು. ಯಾರೇ ಸಂಶೋಧನೆ ಮಾಡಿ ಲೇಖನ ಬರೆದು ಜರ್ನಲ್ಲಿಗೆ ಕಳಿಸಿದರೂ, ಅದೇ ವಿಷಯ ಬಲ್ಲ ಇಬ್ಬರು ಅದನ್ನು ಓದಿ ಸರಿ ತಪ್ಪು ಹೇಳುತ್ತಾರೆ. ಓದಿದವರು ಯಾರೆಂದು ಬರೆದವರಿಗೆ ತಿಳಿಯದು. ಬರೆದವರು ಯಾರೆಂದು ಓದಿದವರಿಗೂ ತಿಳಿಯದು. ಅವರು ಒಪ್ಪಿದರೆ ಲೇಖನ ಅಚ್ಚಾಗುತ್ತದೆ, ಇಲ್ಲವಾದರೆ ಇಲ್ಲ. ಹಾಗೆ ಓದುವುದು ಹೇಗೆಂದು ತೋರಿಸಲು ಸರ್ ತಮ್ಮ ಹಳೆಯ ಶಿಷ್ಯ ಅಮೋಲನನ್ನು ಕರೆಸಿದ್ದರು. ಅಥಣಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವನ ಕೈಗೆ, ಮಣೂಕದ, ಅಂದರೆ ಒಣದ್ರಾಕ್ಷಿಯ ಮೇಲೆ ಬರೆದ, ಹೆಸರು ತೆಗೆದ ಲೇಖನವೊಂದನ್ನು ಕೊಟ್ಟಿದ್ದರು.

ಬ್ರಾಹ್ಮಿ ಎದ್ದು ನಿಂತಳು.

“ಬರದಾಕಿ ನಾನರಿ. ಏನ್ ಮುಚ್ಚಿಟ್ಟೀನಿ ಹೇಳ್ರಿ.”

ಅಮೋಲ ಹಾಳೆ ಕೆಳಗಿಟ್ಟು ಅವಳನ್ನು ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿತ್ತು, ಸಿಟ್ಟಿನ ಹಿಂದೆ ನೀರೂ ಇತ್ತು.

“ನೀವು ಒಣಗಿಸಿದ ಮಣೂಕಕ್ಕ ಗಂಧಕದ ಹೊಗಿ ಕೊಟ್ಟೀರೋ ಇಲ್ಲೋ, ಎಲ್ಲೂ ಬರದಿಲ್ಲ. ಬರೇ ನೆರಳಿನ ನೆಟ್ ಕಟ್ಟಿದ್ದಕ್ಕ ಬಣ್ಣ ಇಷ್ಟು ಉಳೀತು ಅಂದ್ರ ಹೆಂಗ ನಂಬೂದ್ರಿ?”

“ನಮ್ಮ ಮನ್ಯಾಗ ಗಂಧಕ ಸುಡೂದಿಲ್ಲ.”

“ಅದು ಓದಾವರಿಗೆ ಹೆಂಗ ಗೊತ್ತಾಗಬೇಕು?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಿರುಪಾಕ್ಷಪ್ಪ ಕೈ ಎತ್ತಿದರು.

“ಕುಂದರವಾ. ಅಮೋಲ, ನೀನೂ ಕೇಳು. ‘ಮುಚ್ಚಿಟ್ಟಾರ’ ಅಂತ ಬರದ್ರ ಅದು ಬೈಗಳ. ‘ನನಗ ಕಾಣಲಿಲ್ಲ, ತಿಳಸ್ರಿ’ ಅಂತ ಬರದ್ರ ಅದು ರಿವ್ಯೂ. ಬರದವರ ಮನಸಿನ್ಯಾಗ ಹೊಕ್ಕು ನೋಡಿ ಬಂದೀ ಏನು?”

“ಇಲ್ಲ ಸರ್… ತಪ್ಪಾತು.” ಅಮೋಲ ಎಲ್ಲರ ಎದುರೇ ಆ ಸಾಲನ್ನು ಹೊಡೆದುಹಾಕಿದ.

ಆದರೆ ಬ್ರಾಹ್ಮಿಯ ಎದೆಯಲ್ಲಿ ಆ ಸಾಲು ಹಾಗೇ ಉಳಿಯಿತು.

ಅವಳ ಊರು ಐನಾಪುರ. ತಂದೆ ಬಾಹುಬಲಿಯವರದು ದ್ರಾಕ್ಷಿ ತೋಟ, ತೋಟದ ಮಗ್ಗುಲಿಗೆ ಮಣೂಕ ಒಣಗಿಸುವ ಶೆಡ್. ಆ ಕಡೆ ಒಣದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು, ಹುಳ ಹತ್ತದಿರಲೆಂದು ಶೆಡ್ಡಿನಲ್ಲಿ ಗಂಧಕ ಸುಟ್ಟು ಹೊಗೆ ಕೊಡುವವರು ಬಹಳ. ಆದರೆ ಬ್ರಾಹ್ಮಿಯ ಅಜ್ಜ ಜೈನ ಮುನಿಗಳ ಮುಂದೆ ನೇಮ ತೆಗೆದುಕೊಂಡಿದ್ದರು. ಜೀವ ಸಾಯುವ ಹೊಗೆ ನಮ್ಮ ಶೆಡ್ಡಿಗೆ ಬೇಡವೆಂದು. ಅಂದಿನಿಂದ ಅವರ ಮಣೂಕ ತುಸು ಕಂದು ಬಣ್ಣದ್ದೇ. ಬಂಗಾರದ ಬಣ್ಣವನ್ನು ಹೊಗೆಯಿಲ್ಲದೆ ಉಳಿಸುವ ದಾರಿ ಹುಡುಕಿ, ಹಸಿರು ನೆಟ್ಟನ್ನು ಮಡಿಕೆ ಮಾಡಿ ಕಟ್ಟಿ, ಬಿಸಿಲು ತಡೆದು, ಬ್ರಾಹ್ಮಿ ಗೆದ್ದಿದ್ದಳು. ಅದೇ ಅವಳ ಲೇಖನ. ಅದು ಅಚ್ಚಾಗದೆ ಅವಳ ಪಿಎಚ್‌ಡಿ ಮುಗಿಯುವಂತಿರಲಿಲ್ಲ.

ಮನೆಯಲ್ಲಿ ಗಂಧಕದ ವಾಸನೆಯೇ ಇಲ್ಲದೆ ಬೆಳೆದ ಹುಡುಗಿಗೆ, ಗಂಧಕ ಹಾಕಿಲ್ಲವೆಂದು ಬರೆಯಬೇಕೆಂಬುದೇ ಹೊಳೆದಿರಲಿಲ್ಲ. ಉಸಿರಾಡಿದೆ ಎಂದು ಯಾರಾದರೂ ಬರೆಯುತ್ತಾರೆಯೇ?

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅಮೋಲ ಹತ್ತಿರ ಬಂದ.

“ಮಾತು ಒರಟಾತ್ರಿ. ಅದಕ್ಕ ಕ್ಷಮಾ ಕೇಳ್ತೀನಿ. ಪ್ರಶ್ನೆ ಮಾತ್ರ ತಪ್ಪಲ್ಲ. ಒಂದ ಸಾಲು ಸೇರಸ್ರಿ, ಸಾಕು.”

“ಆ ಸಾಲು ನೀವ ಇಟ್ಕೋರಿ.”

ಬಸ್ಸು ಬಂತು. ಅವಳು ತಿರುಗಿ ನೋಡಲಿಲ್ಲ. ಅವನು ಮಾತ್ರ ಬಸ್ಸು ಮರೆಯಾಗುವ ತನಕ ನಿಂತೇ ಇದ್ದ. ಮರುದಿನ ಅವಳು ಒಂದಕ್ಷರವನ್ನೂ ತಿದ್ದದೆ ಲೇಖನವನ್ನು ಜರ್ನಲ್ಲಿಗೆ ಕಳಿಸಿಬಿಟ್ಟಳು.

ಮಳೆಗಾಲ ಹಿಡಿದ ಮೇಲೆ ಜರ್ನಲ್ಲಿನಿಂದ ಉತ್ತರ ಬಂತು. ಮೊದಲನೆಯ ರಿವ್ಯೂವರ್ ಹೊಗಳಿದ್ದರು. ಎರಡನೆಯವರು ಬರೆದಿದ್ದರು: ‘ಒಣಗಿಸುವಾಗ ಗಂಧಕ ಬಳಸಲಾಗಿತ್ತೇ? ಲೇಖನದಲ್ಲಿ ಕಾಣಲಿಲ್ಲ. ದಯವಿಟ್ಟು ತಿಳಿಸಿ. ಇದು ತಿಳಿಯದೆ ಫಲಿತಾಂಶವನ್ನು ಒಪ್ಪಲಾಗದು.’

ಬ್ರಾಹ್ಮಿ ಆ ಸಾಲನ್ನು ಮತ್ತೊಮ್ಮೆ ಓದಿದಳು.

‘ಅವನೇ… ಅವನೇ ಇದು. ಕ್ಲಾಸಿನಲ್ಲಿ ಮಾನ ಕಳೆದದ್ದು ಸಾಲಲಿಲ್ಲವೇ?’

ಕುಳಿತವಳೇ ಬಿರಬಿರನೆ ಉತ್ತರ ಬರೆದಳು. ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ತಾಯಿ ರಾಜಮತಿ, “ಏನ್ ಬರದಿ, ಓದು ನೋಡೂಣು” ಎಂದರು.

“ನಮ್ಮ ಮನೆತನದ ಮಾತನ್ನು ನಂಬದವರಿಗೆ ನಮ್ಮಲ್ಲಿ ಉತ್ತರವಿಲ್ಲ.”

“ಇದು ಉತ್ತರನೋ ಜಗಳನೋ?” ರಾಜಮತಿ ನಕ್ಕರು. “ನಿಮ್ಮಜ್ಜನ ನೇಮ ಅವರ ಕನಸಿನ್ಯಾಗ ಬಂದಿತ್ತೇನು, ಗೊತ್ತಾಗಾಕ?”

ಬ್ರಾಹ್ಮಿಗೆ ನಗು ಬರಲಿಲ್ಲ. ಆ ಉತ್ತರ ಕಳಿಸದೆ ನೇರವಾಗಿ ಅಥಣಿಯ ಬಸ್ಸು ಹತ್ತಿದಳು.

ಅಮೋಲ ಲ್ಯಾಬಿನಲ್ಲಿ ಒಬ್ಬನೇ ಇದ್ದ. ಅವಳು ಮೊಬೈಲನ್ನು ಅವನ ಮುಂದೆ ಹಿಡಿದಳು.

“ಇದು ನಿಮ್ಮದ ಕೆಲಸ ಹೌದಲ್ಲೋ?”

ಅವನು ನಿಧಾನವಾಗಿ ಓದಿದ.

“ನಂದಲ್ರಿ.”

“ಅದ ಪ್ರಶ್ನೆ ಐತಲ್ಲ.”

“ಪ್ರಶ್ನೆ ಅದ ಐತಿ. ಮಾತು ನೋಡ್ರಿ. ‘ದಯವಿಟ್ಟು ತಿಳಿಸಿ’ ಅಂದಾರ. ಅವತ್ತು ನಾನೂ ಹಂಗ ಅಂದಿದ್ರ, ನೀವು ನನ್ನ ಕೂಡ ಮಾತು ಬಿಡತಿದ್ದಿಲ್ಲ.”

ಬ್ರಾಹ್ಮಿ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದಾರೆ. ಹಾಗಾದರೆ ಕಲ್ಲು ಅವರ ಕಾಲಲ್ಲಿಲ್ಲ… ತನ್ನ ದಾರಿಯಲ್ಲೇ ಬಿದ್ದಿದೆ.

“ನನಗ ಉತ್ತರಾ ಬರಿಯೂದ ಕಲಸ್ರಿ,” ಅಂದಳು. ಆ ಮಾತಾಡಲು ಅವಳು ಎಷ್ಟು ದೂರ ಇಳಿದು ಬರಬೇಕಾಯಿತೆಂದು ಅಮೋಲನಿಗೆ ತಿಳಿಯಿತು. ಅವನು ನಗಲಿಲ್ಲ.

“ಅವರು ಕೇಳಿದ್ದನ್ನ ಹೆಂಗೈತಿ ಹಂಗ ಮ್ಯಾಲ ಬರೀರಿ. ಅದರ ಕೆಳಗ ನಿಮ್ಮ ಉತ್ತರ. ಲೇಖನದಾಗ ಎಲ್ಲಿ ತಿದ್ದೀರಿ ಅನ್ನೂದನ್ನೂ ತೋರಸ್ರಿ. ಒಪ್ಪದಿದ್ದಲ್ಲಿ ಕಾರಣ ಕೊಡ್ರಿ, ಸಿಟ್ಟು ಕೊಡಬ್ಯಾಡ್ರಿ.”

“ನಮ್ಮ ಅಜ್ಜನ ನೇಮ ಬರದ್ರ ನಂಬ್ತಾರ?”

“ಬರೀರಿ. ಅದರ ಸಂಗಾಟ ಅಳದೂ ತೋರಸ್ರಿ. ನಿಮ್ಮ ಮಣೂಕದಾಗ ಗಂಧಕ ಎಷ್ಟೈತಿ ಅಂತ ಟೆಸ್ಟ್ ಮಾಡೂಣು. ಹೋಲಸಾಕ ಹೊಗಿ ಕೊಟ್ಟ ಮಣೂಕನೂ ಬೇಕು.”

“ನಮ್ಮಲ್ಲಿ ಎಲ್ಲಿಂದ ತರೂದು? ಸುಡಾಕಂತೂ ಅಪ್ಪ ಬಿಡೂದಿಲ್ಲ.”

“ನಮ್ಮ ಮನ್ಯಾಗ ಐತಿ,” ಎಂದು ಅಮೋಲ ತುಸು ನಾಚಿದ.

ಐಗಳಿಯ ಅವನ ಮನೆಯಲ್ಲಿ ತಾಯಿ ಶಿವಗಂಗವ್ವ ಚೀಲದ ಬಾಯಿ ಬಿಚ್ಚಿ, ಬೊಗಸೆ ಬೊಗಸೆ ಮಣೂಕ ಸುರಿದರು.

“ತಗೋರಿ. ಇವು ಹೊಗಿ ಕಂಡಾವ. ಪೇಪರನ್ಯಾಗ ನಮ್ಮನ್ನ ಬೈದೀರಿ ಮತ್ತ.”

“ಬೈಯೂದಿಲ್ಲರಿ ಅತ್ತಿ. ಇವು ಇರಲಿಲ್ಲಂದ್ರ ನಮ್ಮ ಮಾತು ನಿಲ್ಲೂದ ಇಲ್ಲ.”

ಅತ್ತಿ ಎಂಬ ಮಾತು ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಶಿವಗಂಗವ್ವ ಮಗನ ಮುಖ ನೋಡಿದರು. ಮಗ ಗೋಡೆಯ ಕ್ಯಾಲೆಂಡರ್ ನೋಡಿದ.

ಟೆಸ್ಟಿನಲ್ಲಿ ಐಗಳಿಯ ಮಣೂಕದಲ್ಲಿ ಗಂಧಕ ಸಿಕ್ಕಿತು. ಐನಾಪುರದ್ದರಲ್ಲಿ ಇಲ್ಲವೇ ಇಲ್ಲ. ಆದರೆ ಬಣ್ಣ ಅಳೆದಾಗ ಐಗಳಿಯದ್ದೇ ತುಸು ಮೇಲಿತ್ತು. ಬ್ರಾಹ್ಮಿ ಬಹಳ ಹೊತ್ತು ಆ ಅಂಕಿಯನ್ನು ನೋಡುತ್ತ ಕುಳಿತಳು. ಬಿಟ್ಟುಬಿಟ್ಟರೆ ಯಾರಿಗೂ ತಿಳಿಯದು. ಆದರೂ ಬರೆದಳು. ಗಂಧಕದ ಹೊಗೆ ಕೊಟ್ಟ ಮಣೂಕ ಇನ್ನೂ ಹೆಚ್ಚು ಹೊಳೆಯುತ್ತದೆ. ನೆಟ್ಟಿನದು ಅದರ ಹತ್ತಿರ ಹತ್ತಿರ ಬರುತ್ತದೆ, ಅಷ್ಟೇ ನಮ್ಮ ವಾದ, ಎಂದು.

“ಹಂಗಾರ ಸೋತೇವೇನು?” ಬಾಹುಬಲಿ ಕೇಳಿದರು.

“ಇಲ್ಲಪ್ಪಾ. ಖರೇ ಬರದೀನಿ.”

ತಂದೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ತೋಟಕ್ಕೆ ನಡೆದರು. ಆ ನಡಿಗೆಯಲ್ಲಿ ಎಂದೂ ಇಲ್ಲದ ಠೀವಿ ಇತ್ತು.

ಲೇಖನ ಒಪ್ಪಿಗೆಯಾಯಿತು. ಆ ಕಾಣದ ಎರಡನೆಯ ರಿವ್ಯೂವರ್ ಸಂಪಾದಕರಿಗೆ ಹೀಗೆ ಹೇಳಿದ್ದರು: ‘ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ಇತ್ತೀಚೆಗೆ ಓದಿಲ್ಲ.’

ಅಚ್ಚಾದ ಹಾಳೆಗಳನ್ನು ಬಾಹುಬಲಿ ಎರಡೂ ಕೈಯಲ್ಲಿ ಹಿಡಿದರು. ಇಂಗ್ಲಿಷ್ ಅವರಿಗೆ ಬಾರದು.

“ಐನಾಪುರ ಎಲ್ಲೈತಿ, ತೋರಸು.”

ಬ್ರಾಹ್ಮಿ ಬೆರಳಿಟ್ಟಳು.

“ಐಗಳಿನೂ ಐತೇನು?”

“ಐತಿ. ಬಾಜೂಕ ಐತಿ.”

“ಆ ಹುಡುಗನ್ನ ಊಟಕ್ಕ ಕರಿ,” ಅಂದರು ತಂದೆ. “ಹೊತ್ತು ಮುಳುಗೂದ್ರೊಳಗ ಬಾ ಅನ್ನು, ರಾತ್ರಿ ಊಟ ನಮ್ಮಲ್ಲಿಲ್ಲ.”

ಅಮೋಲ ಬಂದ. ಊಟವಾದ ಮೇಲೆ ಶೆಡ್ಡು ನೋಡಲು ಅವನೂ ಬ್ರಾಹ್ಮಿಯೂ ಹೋದರು. ಹಸಿರು ನೆಟ್ಟಿನಿಂದ ಸೋಸಿ ಬಂದ ಸಂಜೆಯ ಬೆಳಕು ಅವನ ಅಂಗಿಯ ಮೇಲೆ ಬಿದ್ದಿತ್ತು.

“ಒಂದ ಅನುಮಾನ ಉಳದೈತ್ರಿ,” ಬ್ರಾಹ್ಮಿ ಅಂದಳು. “ಜರ್ನಲ್‌ನವರು ನಿಮ್ಮನ್ನ ಕೇಳಿರಲೇ ಇಲ್ಲೇನು? ಮಣೂಕದ ಮ್ಯಾಲ ಬರದವರು ಈ ಕಡೆ ಎಷ್ಟ ಮಂದಿ ಅದಾರ?”

ಅಮೋಲ ನೆಟ್ಟಿನ ಮಡಿಕೆಯೊಂದನ್ನು ಸರಿಮಾಡಿದ.

“ಕೇಳಿದ್ರು. ಮೊದಲ ನನಗ ಬಂದಿತ್ತು. ಹೆಸರಿರಲಿಲ್ಲ, ಆದ್ರ ಓದಿದ ಕೂಡ್ಲೇ ಗುರುತ ಹತ್ತಿತು. ಆಗೂದಿಲ್ಲ ಅಂತ ತಿರುಗಿ ಕಳಿಸಿದೆ.”

“ಯಾಕ? ಒಪ್ಪಿಗಿ ಕೊಟ್ಟುಬಿಟ್ಟಿದ್ರ ನನ್ನ ಕೆಲಸ ಅವತ್ತ ಆಗ್ತಿತ್ತು.”

“ಅದಕ್ಕ ಕಳಿಸಿದೆ. ನಾ ಕೊಟ್ಟಿದ್ರ ಅದು ನಿಮ್ಮ ಗೆಲುವು ಆಗ್ತಿದ್ದಿಲ್ಲ.”

ಬ್ರಾಹ್ಮಿ ಒಂದು ಹೆಜ್ಜೆ ಹತ್ತಿರ ಬಂದಳು. ಇಂಥ ಗೌರವವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

“ಅವರಿಗೆ ಏನಂತ ಕಾರಣಾ ಬರದ್ರಿ?”

“ಬರದವರ ವಿಷಯದಾಗ ನಾ ನಿಷ್ಪಕ್ಷಪಾತಿ ಅಲ್ಲ ಅಂತ.”

“ಯಾವಾಗಿಂದ?”

“ಎದ್ದು ನಿಂತು ‘ಬರದಾಕಿ ನಾನರಿ’ ಅಂದಿರಲ್ಲ… ಅವಾಗಿಂದ.”

ತೋಟದ ಕಡೆಯಿಂದ ತಂದೆಯ ಕೆಮ್ಮು ಕೇಳಿಸಿತು. ಬ್ರಾಹ್ಮಿ ದೂರ ಸರಿಯಲಿಲ್ಲ.

“ನಮ್ಮಪ್ಪ ಭಾಳ ಪ್ರಶ್ನೆ ಕೇಳ್ತಾರ. ಮನಿತನ, ಧರ್ಮ, ಊಟ…”

“ಕೇಳಲಿ. ನಮ್ಮವ್ವನೂ ಬಿಡಾಕಿ ಅಲ್ಲ.”

“ಒಂದ ಸರ್ತಿಗೆ ಒಪ್ಪೂದಿಲ್ಲ ಅವರು.”

“ಎಷ್ಟ ಸರ್ತಿ ಆದ್ರೂ ಆಗಲಿ. ನಾ ಒಬ್ಬನ ಹೋಗಿ ಕೇಳ್ಲೇನು?”

ಬ್ರಾಹ್ಮಿ ಅವನ ಕೈಯೊಳಗೆ ತನ್ನ ಕೈ ಇಟ್ಟಳು.

“ಬ್ಯಾಡ. ಇಬ್ಬರೂ ಕೂಡಿ ಹೋಗೂಣು.”