ಕೆಂಚಮ್ಮ ಕಡಿದ ಎಳೆ

"ಆ ಎಳೆಗೆ ಗಂಟಾಕ್ಬ್ಯಾಡಿ ಮೇಡಮ್ಮೋರೆ," ಎಂದಳು ತರಬೇತಿ ಕೇಂದ್ರದ ಕಸ ಗುಡಿಸುವ ಕೆಂಚಮ್ಮ. "ಅದು ಕಿತ್ತೋಗಿರೋದ್ರಿಂದ್ಲೇ ನಾವು ಬದ್ಕಿರಾದು."

ಸಿರಿ ನಕ್ಕಳು. ಲೇಸ್ ಹೆಣಿಗೆ ಕಲಿಸಲೆಂದು ಮೈಸೂರಿನಿಂದ ಉಯ್ಯಂಬಳ್ಳಿಗೆ ಬಂದು ವಾರವಾಗಿತ್ತು. ಗಾರ್ಮೆಂಟ್ಸ್ ಕಂಪನಿಯವರು ಮಾದರಿ ನೋಡಲು ಬರುವವರಿದ್ದರು. ಒಪ್ಪಿದರೆ ಹದಿನೆಂಟು ಹೆಂಗಸರಿಗೆ ಕೆಲಸ. ತರಬೇತಿ ಕೇಂದ್ರದ ಮೂಲೆಯಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಹೆಣಿಗೆ ದಿಂಬಿನ ಮೇಲೆ ಒಂದು ರೇಷ್ಮೆ ಲೇಸು ಅರ್ಧಕ್ಕೆ ನಿಂತಿತ್ತು. ಅಷ್ಟು ನಯವಾದುದನ್ನು ಅವಳು ಕಂಡಿರಲಿಲ್ಲ. ಮಾದರಿಗೆ ಇದೇ ಸಾಕು; ಕಿತ್ತುಹೋಗಿದ್ದುದು ಒಂದೇ ಎಳೆ.

ಅದನ್ನು ಹೆಣೆದವಳು ಕೆಂಚಮ್ಮನ ಮಗಳು ಭಾನುಪ್ರಿಯ. ಸಂಬಂಧ ಒಲ್ಲೆನೆಂದ ಸಿಟ್ಟಿಗೆ ಯಾರೋ ಅವಳ ನೂಲಿಗೆ ಮಾಟ ಮಾಡಿಸಿದರಂತೆ. ಬೆರಳಿನಿಂದ ಶುರುವಾದ ಜೋಮು ಮೈಯೆಲ್ಲ ಹಬ್ಬಿ ಸತ್ತಳಂತೆ. ಉಸಿರು ನಿಂತ ಗಳಿಗೆಗೇ ಎಳೆ ತುಂಡಾಯಿತಂತೆ. ಲೇಸನ್ನು ಸುಡಲು ಹೋದರೆ ಬೆಂಕಿ ಹತ್ತಲಿಲ್ಲವಂತೆ. ಎಲ್ಲ ಕೇಳಿ, ನರದ ಕಾಯಿಲೆ ಇದ್ದಿರಬೇಕು ಎಂದಳು ಸಿರಿ. ಎರಡು ತುದಿಗಳನ್ನೂ ಕೂಡಿಸಿ, ಎಷ್ಟು ಜಗ್ಗಿದರೂ ಜಾರದ ಸಣ್ಣ ಗಂಟು ಬಿಗಿದಳು.

ಕೂದಲು ಸುಟ್ಟ ವಾಸನೆ ಬಂತು. ದಿಂಬಿನಿಂದ ಇಳಿಬಿದ್ದಿದ್ದ, ನೂಲು ಸುತ್ತಿದ, ಚನ್ನಪಟ್ಟಣದ ಅರಗು ಬಣ್ಣದ ಮರದ ಕಡ್ಡಿಗಳು ಒಂದಕ್ಕೊಂದು ತಾಕಿ ಟಕಟಕ ಎಂದವು. ಕಿಟಕಿ ಮುಚ್ಚಿತ್ತು. ಕರೆಂಟಿಲ್ಲದೆ ಫ್ಯಾನೂ ನಿಂತಿತ್ತು.

ಮರುದಿನ ಬೆಳಿಗ್ಗೆ ಸಿರಿಯ ಬೆರಳಿಗೆ ಟೀ ಲೋಟ ಬಿಸಿಯೆನ್ನಿಸಲಿಲ್ಲ. ಯಾರೂ ಮುಟ್ಟದ ಲೇಸು ಒಂದು ಬೆರಳುದ್ದ ಬೆಳೆದಿತ್ತು. ಮೂರನೆಯ ದಿನಕ್ಕೆ ಬಲಗೈ ಮೊಣಕೈಯವರೆಗೆ ಸತ್ತಂತಾಯಿತು, ಲೇಸು ಗೇಣುದ್ದ ಬೆಳೆದಿತ್ತು. ಕನಕಪುರದ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಸೂಜಿ ಚುಚ್ಚಿದ್ದು ತಿಳಿಯಲಿಲ್ಲ. ಹೆದರಿಕೆಯೂ ಆಗಲಿಲ್ಲ. ಮನಸ್ಸಿಗೂ ಜೋಮು ಹತ್ತಿತ್ತು.

ಐದನೆಯ ದಿನ ಮಧ್ಯಾಹ್ನ, ಹೆಂಗಸರು ಊಟಕ್ಕೆ ಹೋಗಿದ್ದಾಗ, ಎಡಗೈಯಲ್ಲಿ ಕತ್ತರಿ ಹಿಡಿದಳು. ಎಳೆ ತುಂಡಾಗಲಿಲ್ಲ. ಕತ್ತರಿಯೇ ಮುರಿಯಿತು. ಕಡ್ಡಿಗಳು ಕುಣಿದವು. ಟಕ. ಟಕ. ಕಾಲು ಕುಸಿಯಿತು. ನಾಲಿಗೆ ಮರಗಟ್ಟಿತು. ಕೂಗಲು ದನಿಯಿಲ್ಲ. ಕಣ್ಣು ಕತ್ತಲಿಟ್ಟಿತು. ಉಸಿರು ಸಿಗಲಿಲ್ಲ.

ಬಾಗಿಲಲ್ಲಿ ಕೆಂಚಮ್ಮನ ದನಿ ಕೇಳಿಸಿತು.

"ಕಬ್ಬುಣಕ್ಕೆ ಬಗ್ಗಾಕಿಲ್ಲ ಕಣವ್ವ ಅದು. ಹಲ್ಲಲ್ಲೇ ಕಡೀಬೇಕಂತೆ, ಕಡ್ದೋರ ಮ್ಯಾಲೆ ಬತ್ತದಂತೆ." ಒಳಗೆ ಬಂದಳು. "ನನ್ ಮಗೀಗೋಸ್ಕರ ಕಡಿಯಕ್ಕೆ ನಂಗೆ ಧೈರ್ಯ ಬರ್ನಿಲ್ಲ."

ದಿಂಬಿನ ಮೇಲೆ ಬಗ್ಗಿ, ಗಂಟನ್ನು ಹಲ್ಲಿಗೆ ಕೊಟ್ಟು ಕಡಿದಳು.

ಸಿರಿಯ ಎದೆಗೆ ಗಾಳಿ ನುಗ್ಗಿತು, ಕೈಕಾಲಿನ ಜೋಮು ಬಿಟ್ಟಿತು. ಕೆಂಚಮ್ಮ ಏನೋ ಹೇಳಲು ಬಾಯಿ ತೆರೆದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಮತ್ತೆಂದೂ ಹೊರಡಲಿಲ್ಲ.

ಊಟ ಮುಗಿಸಿ ಬಂದ ಹೆಂಗಸರಿಗೆ ಸಿರಿ ನಡೆದದ್ದನ್ನೆಲ್ಲ ಬೇರೆ ಯಾರಿಗೋ ಆದದ್ದೆಂಬಂತೆ ಹೇಳಿದಳು. ಅವರು ಕೆಂಚಮ್ಮನನ್ನು ತಬ್ಬಿಕೊಂಡು ಅತ್ತರು. ಸಿರಿಯೂ ಅವಳ ಕೈ ಹಿಡಿದು, ಅಳು ಬಂದೀತೆಂದು ಕಾದಳು.

ಬರಲಿಲ್ಲ.